ತೋಳಿನ ತುಂಡು

ಅರಸೀಕೆರೆ, ಹಳೇ ಸಂತೆಬೀದಿ. ಕೆಳಗೆ ನನ್ನ ಹೊಲಿಗೆ ಮಿಷನ್ನು,
ಅದರ ನೆತ್ತಿಯ ಮೇಲೆ ಅಟ್ಟ,
ಅಟ್ಟದ ತುಂಬ ಮನೆ ಓನರ್ ಗಂಗಾಧರಪ್ಪನವರ ಕೊಬ್ಬರಿ,
ಕತ್ತಲಲ್ಲಿ ಒಣಗುತ್ತ, ಮೆಲ್ಲಗೆ ಚಿಪ್ಪು ಬಿಡುತ್ತ.

ಬೆಳಿಗ್ಗೆ ಆರಕ್ಕೆ ಶುರು.
ತೊಲೆಯ ಮೇಲೆ ಓಟ, ಚಿಪ್ಪಿಗೆ ಹಲ್ಲು,
ಲೊಟಲೊಟ ಎಂದು ಉರುಳುವ ಒಂದು ಕಾಯಿ.
ಪೆಡಲ್ ತುಳಿದರೆ ನಿಶ್ಶಬ್ದ,
ಬಿಟ್ಟರೆ ಮತ್ತೆ.
ಇಬ್ಬರದೂ ಒಂದೇ ಶಿಫ್ಟು ಅಂದುಕೊಂಡೆ.

"ವಿಷ ಇಡಮ್ಮ" ಅಂದರು ಗಂಗಾಧರಪ್ಪ.
"ಮೆಣಸಿನಕಾಯಿ ಹೊಗೆ ಹಾಕು" ಅಂದಳು ಎದುರುಮನೆ ಸಾಕಮ್ಮ.
ಹಾಕಿದೆ.
ಕೆಮ್ಮಿದ್ದು ನಾನು, ಇಬ್ಬರು ಗಿರಾಕಿಗಳು, ಆಮೇಲೆ ಸಾಕಮ್ಮ.
ಅಳಿಲು ಸೂರಿನ ತುದಿಯಲ್ಲಿ ಕೂತು
ಬಾಲ ಕುಣಿಸುತ್ತ ನೋಡಿತು.

ಅದೇ ವಾರ ಕಾಂತಮಣಿ ಮೇಡಂ ಬ್ಲೌಸು.
ನೇರಳೆ ಬಣ್ಣ, ಜರಿ ಅಂಚು, ಮಗಳ ನಿಶ್ಚಿತಾರ್ಥಕ್ಕೆ.
ಕತ್ತರಿಸಿ ಕಿಟಕಿಯ ಕಟ್ಟೆ ಮೇಲಿಟ್ಟಿದ್ದೆ ಎರಡು ತೋಳು,
ಸಂಜೆಗೆ ಒಂದೇ.
"ಮಿಕ್ಕಿದ್ದರಲ್ಲಿ ನಿನ್ನ ಮಗಳಿಗೆ ಲಂಗ ಆಯ್ತೇನು?"
ಬೀದಿಗೆಲ್ಲ ಕೇಳುವಂತೆ.
ನನಗೆ ಮಗಳಿಲ್ಲ.
ಅದನ್ನೂ ಹೇಳಲಿಲ್ಲ.

ಮೊಗಣ್ಣಾಚಾರ್ ಬಂದರು. ಎಪ್ಪತ್ತು ದಾಟಿದೆ,
ಈ ಬೀದಿಯ ಎಲ್ಲ ಜಂತೆಗಳ ಪರಿಚಯವಿದೆ.
ಮೊದಲು ಸುತ್ತಿಗೆ ಕೇಳಲಿಲ್ಲ,
ಒಂದು ಹಿಡಿ ರಾಗಿಹಿಟ್ಟು ಕೇಳಿದರು.
ಗೋಡೆ ಹೆಂಚು ಸೇರುವಲ್ಲಿ ನಾಲ್ಕು ಸಂದು,
ನಾಲ್ಕರಲ್ಲೂ ಚಿಮುಕಿಸಿ ಚಾ ಕುಡಿದು ಹೋದರು.
ಮಾರನೇ ದಿನ ಒಂದರಲ್ಲಿ ಮಾತ್ರ
ಪುಟ್ಟ ಬೆರಳುಗಳ ರಂಗೋಲಿ.
"ಮೂರು ಬರೀ ತೂತು. ಇದು ಬಾಗಿಲು.
ಬಾಗಿಲು ಮುಚ್ಚೋಕೆ ಮುಂಚೆ
ಒಳಗೆ ಯಾರಿದಾರೆ ಅಂತ ಕೇಳಬೇಕು ತಾಯಿ."

ಏಣಿ ಹತ್ತಿದವರು ಅಲ್ಲಿಂದಲೇ ಕೂಗಿದರು:
"ಬನ್ನಿ, ನಿಮ್ಮ ಅಂಗಡೀದು ಇಲ್ಲೊಂದು ಬ್ರಾಂಚಿದೆ."

ನಾರಿನ ಗೂಡು. ಒಳಗೆ ನನ್ನ ಎರಡು ವರ್ಷದ ಕಸ:
ಪೋಸ್ಟಾಫೀಸಿನ ವಿಮಲೆಯ ಹಳದಿ ವಾಯಿಲು,
ಯಾರದೋ ಸೀರೆಯ ಫಾಲ್ಸು,
ಕಳೆದುಹೋದ ಇಂಚುಪಟ್ಟಿಯಲ್ಲಿ
ಹನ್ನೆರಡರಿಂದ ಹದಿನೇಳು.
ಎಲ್ಲದರ ಮೇಲೆ ನೇರಳೆ ತೋಳು.
ತೋಳಿನ ಮಡಿಕೆಯಲ್ಲಿ ಮೂರು ಜೀವ,
ಕೂದಲಿಲ್ಲ, ಕಣ್ಣು ಬಿಟ್ಟಿಲ್ಲ,
ಬೆನ್ನ ಮೇಲೆ ಆಗಲೇ ಮಸುಕು ಗೆರೆ,
ಕತ್ತರಿ ಇಡುವ ಮುನ್ನ ನಾನೆಳೆಯುವ ಸೀಮೆಸುಣ್ಣದ ಹಾಗೆ.

ಸಾಕ್ಷಿ ಕಣ್ಣೆದುರಿಗೇ ಇತ್ತು.
ಕೈ ಹಾಕಿದೆ.
ಬೆಚ್ಚಗಿತ್ತು.
ಕೈ ತೆಗೆದೆ.

ಆಚಾರ್ರು ಮೂರು ಸಂದಿಗೆ ಅರ್ಧ ಇಂಚಿನ ಕಣ್ಣಿನ ಜಾಲರಿ ಬಡಿದು
ನಾಲ್ಕನೆಯದನ್ನು ಬಿಟ್ಟು ಇಳಿದರು.
"ಎರಡು ತಿಂಗಳು. ಓಡೋದು ಕಲೀಲಿ."
ಗಂಗಾಧರಪ್ಪ ತೂತಾದ ಕಾಯಿಗಳ ಲೆಕ್ಕವನ್ನು
ಬಾಡಿಗೆಗೆ ಸೇರಿಸಿದರು.
ಮೇಡಂ ದಿನಾ ಸ್ಕೂಲಿಗೆ ಇದೇ ಬೀದಿಯಲ್ಲಿ ಹೋದರು,
ನನ್ನ ಅಂಗಡಿ ಬಂದಾಗ ಮಾತ್ರ ಎದುರು ಸಾಲು ನೋಡುತ್ತ.
ನಿಶ್ಚಿತಾರ್ಥಕ್ಕೆ ಹಸಿರು ಉಟ್ಟರಂತೆ.

ಗೌರಿಹಬ್ಬ ಕಳೆದ ಮೇಲೆ
ಆ ಸಂದಿಗೆ ಪೇಪರ್ ಉಂಡೆ ತುರುಕಿ ಕಾದೆವು.
ಮೂರು ದಿನ ಯಾರೂ ಅದನ್ನು ನೂಕಲಿಲ್ಲ.
ಜಾಲರಿ ಬಿತ್ತು. ಸೂರಿಗೆ ಒರಗಿದ ನುಗ್ಗೆ ಕೊಂಬೆಯೂ ಬಿತ್ತು.
ಗೂಡು ನನ್ನ ಮಡಿಲಿಗೆ ಬಂತು.

ತೋಳನ್ನು ಎರಡು ಸಲ ಒಗೆದೆ. ವಾಸನೆ ಹೋಗಲಿಲ್ಲ.
ಇಸ್ತ್ರಿ ಹಾಕಿ, ಮೇಡಂ ಮನೆಗೆ ನಡೆದು, ಟೀಪಾಯಿ ಮೇಲೆ ಹರಡಿದೆ.
ಹಲ್ಲಿನ ಗುರುತು ತೋರಿಸಿದೆ.
ರಾಗಿಹಿಟ್ಟಿನಿಂದ ನುಗ್ಗೆ ಕೊಂಬೆಯವರೆಗೆ ಎಲ್ಲ ಹೇಳಿದೆ.
ಅವರು ಪೂರ್ತಿ ಕೇಳಿ,
"ಕತೆ ಚೆನ್ನಾಗಿ ಹೊಲೀತೀಯ" ಅಂದರು.
ಆದರೂ ಕಾಫಿ ತಂದರು.

ಈಗ ಆರಕ್ಕೆ ಅಟ್ಟದಲ್ಲಿ ಸದ್ದಿಲ್ಲ.
ಪೆಡಲ್ ಮೇಲಿನ ಕಾಲು ಸುಮ್ಮನೆ ಒಂದು ಗಳಿಗೆ ತಡೆಯುತ್ತದೆ.
ಚೂರುಬಟ್ಟೆಯ ಬುಟ್ಟಿಯನ್ನು ಕಿಟಕಿಯ ಹೊರಗಿಡುತ್ತೇನೆ,
ನುಗ್ಗೆಮರದ ಕಡೆಗೆ.
ತೋಳುಗಳು ಮಾತ್ರ ಟ್ರಂಕಿನಲ್ಲಿ,
ಬೀಗ ಹಾಕಿ.