ಹೊಂಗೆಕಾಯಿ ಲೆಕ್ಕ

ಸೋಮವಾರ ಓಟವಿಲ್ಲ. ಉಗುರು ನೋಡಿಕೊಂಡು ಕೂತೆ:
ಎಡಗಾಲ ಹೆಬ್ಬೆರಳು, ನೇರಳೆಹಣ್ಣಿನ ಬಣ್ಣ.

ಮಂಗಳವಾರ ಐದಕ್ಕೆ ತಲೆಗೆ ದೀಪ ಕಟ್ಟಿ ತುರಹಳ್ಳಿ.
ಬೆಳಕು ಬಿದ್ದಷ್ಟೇ ಕಾಡು. ಉಳಿದದ್ದೆಲ್ಲ
ನೀಲಗಿರಿ ತರಗೆಲೆಯ ಚರಪರ, ಆಚೆ
ಕನಕಪುರ ರಸ್ತೆಯಲ್ಲಿ ಗೇರು ಬದಲಿಸುವ ಲಾರಿ.
ಗೇಟಿನ ಮುನಿಚೌಡಪ್ಪ ಬೀಡಿ ಕೆಳಗಿಟ್ಟು ಕೇಳಿದ:
"ಯಾರಮ್ಮ ಅಟ್ಟಿಸ್ಕೊಂಡ್ ಬಂದೋರು?"
ಯಾರೂ ಇಲ್ಲ ಎಂದೆ.
"ಮತ್ಯಾಕೆ?"
ಉತ್ತರ ಹೊಳೆಯುವಷ್ಟರಲ್ಲಿ ಬಂಡೆ ಬಂತು.

ಬುಧವಾರವೂ ಅದೇ ಪ್ರಶ್ನೆ, ಅದೇ ಬಂಡೆ.

ಗುರುವಾರ ಉಗುರು ಬಿತ್ತು,
ಹಿತಕಿದ ಅವರೆಯ ಸಿಪ್ಪೆಯಂತೆ, ಸದ್ದಿಲ್ಲದೆ.
ಸೊಸೈಟಿ ಬ್ಯಾಂಕಿನ ಕೌಂಟರಿನಲ್ಲಿ ಅಂದು
ಚಪ್ಪಲಿ ಬಿಟ್ಟು ಕೂತು ನೋಟು ಎಣಿಸಿದೆ.
ಇಪ್ಪತ್ತೆರಡು ವರ್ಷ. ಒಂದು ನೋಟೂ ತಪ್ಪಿಲ್ಲ ಈ ಕೈ.

ಶುಕ್ರವಾರದ ಬಗ್ಗೆ ಹೇಳುವುದಿಲ್ಲ. ಮಂಡಿ.

ಭಾನುವಾರ ನಲವತ್ತು ಕಿಲೋಮೀಟರು:
ಒಂದೇ ದಾರಿ, ಹತ್ತು ಸುತ್ತು.
ಮೂರರವರೆಗೆ ನವಿಲು ಕೂಗಿದ್ದು ಕೇಳಿಸಿತು.
ನಾಲ್ಕರಲ್ಲಿ ವಾಚು ಸತ್ತಿತು.
ಆಮೇಲೆ ಉಪ್ಪು ಹಚ್ಚಿದ ಆಲೂಗಡ್ಡೆ, ಬೆಲ್ಲದ ಚೂರು,
ಕಲ್ಲು, ಕಲ್ಲು, ಬೇರು, ಕಲ್ಲು,
ಯಾರದೋ ಏದುಸಿರು. ನನ್ನದೇ.

ಗೇಟಿಗೆ ಬಂದು ಕುಸಿದು, ಎಂಟಾಯ್ತು ಎಂದೆ.
ಮುನಿಚೌಡಪ್ಪ ಕಟ್ಟೆ ತೋರಿಸಿದ:
ಸಾಲಾಗಿ ಹೊಂಗೆಕಾಯಿ,
ನಾನು ಹಾದಾಗಲೆಲ್ಲ ಒಂದೊಂದು ಇಟ್ಟಿದ್ದ.
"ಏಳೇ ಕಣಮ್ಮ."
ಎಣಿಸಿದೆ. ಬೆರಳಿಗೆ ಎಂಜಲು ಹಚ್ಚಿ,
ನೋಟು ಎಣಿಸುವ ಹಾಗೆ, ಇನ್ನೊಮ್ಮೆ ಎಣಿಸಿದೆ.
ಏಳು.

ಲೇಸು ಬಿಗಿದು ಎದ್ದೆ.
ಯಾಕೆ ಅಂತ ಈ ಸಲ ಅವನು ಕೇಳಲಿಲ್ಲ.
ತಿರುವಿನಲ್ಲಿ ಹೊರಳಿ ನೋಡಿದರೆ
ಎಂಟನೆಯದನ್ನು ಜೇಬಿನಿಂದ ತೆಗೆದು
ಆಗಲೇ ಒರೆಸುತ್ತಿದ್ದ.