ತಲೆ ಬಗ್ಗಿಸಿದ ಕಬ್ಬಿಣ

ಕಾಗದದ ಗುರಿ ಮಾತಾಡುವುದಿಲ್ಲ.
ಹೊಡೆದ ಮೇಲೆ ಹತ್ತಿರ ಹೋಗಿ
ಬಗ್ಗಿ, ಕಣ್ಣು ಕಿರಿದು ಮಾಡಿ
ತೂತು ಎಲ್ಲಿ ಅಂತ ಹುಡುಕಬೇಕು,
ಬಿದ್ದುಹೋದ ಮೂಗುಬೊಟ್ಟು ಹುಡುಕಿದ ಹಾಗೆ.

ಮರಿಮಾದಯ್ಯನವರ ಗುರಿಗಳು ಹಾಗಲ್ಲ.
ಗುತ್ತಲಿನಲ್ಲಿ, ಒಲೆ ಆರಿದ ಆಲೆಮನೆಯ ಹಿಂದೆ
ಎರಡಾಳೆತ್ತರದ ಮಣ್ಣಿನ ದಿಣ್ಣೆ.
ಅದರ ಮುಂದೆ ಹಳೇ ಗಾಣದ ಕಬ್ಬಿಣ ಕೊಯ್ದು ಮಾಡಿದ
ಐದು ಬಿಲ್ಲೆ, ಒಂದು ಗಿರಗಿಟ್ಲೆ,
ಹಗ್ಗ ಎಳೆದರೆ ಎದ್ದು ನಿಲ್ಲುವ ಕಾಗೆ.
ತಾಗಿದರೆ ಬಿಲ್ಲೆ ಟಣ್ ಅನ್ನುತ್ತೆ,
ಗಿರಗಿಟ್ಲೆ ತಲೆತಿರುಗಿ ಸುತ್ತುತ್ತೆ,
ಕಾಗೆ ದೊಪ್ಪನೆ ಹಿಂದಕ್ಕೆ ಒರಗಿ
ಸತ್ತ ಹಾಗೆ ನಟಿಸುತ್ತೆ.

ವಾರವೆಲ್ಲ ಹಾಲಿನ ಡೇರಿಯಲ್ಲಿ
ಫ್ಯಾಟು ಇಷ್ಟು, ಡಿಗ್ರಿ ಇಷ್ಟು ಅಂತ ಬರೆಯುವವಳು ನಾನು.
ಬರೆದದ್ದಕ್ಕೆ ಯಾರೂ ಓ ಅನ್ನುವುದಿಲ್ಲ,
ಜಗಳಕ್ಕೆ ಬಂದವರನ್ನು ಬಿಟ್ಟರೆ.
ಭಾನುವಾರ ಹನ್ನೆರಡು ಮಾರು ಆಚೆಯಿಂದ
ಏರ್‌ಗನ್ನಿನ ಒಂದು ಕಾಳು ಕಳಿಸಿದರೆ
ಕಬ್ಬಿಣ ಓ ಅನ್ನುತ್ತದೆ.
ಇಷ್ಟಕ್ಕೇ ಬಸ್ಸು ಹತ್ತಿ ಬರುತ್ತೇನೆ, ನಗಬೇಡಿ.

ಬಂದೂಕು ಮುಟ್ಟುವ ಮುಂಚೆ ಕನ್ನಡಕ.
ನೋಡಲು ಬಂದವರಿಗೂ,
ಸುಮ್ಮನೆ ಕಡ್ಲೆಕಾಯಿ ಸುಲಿಯುತ್ತ ಕೂತವರಿಗೂ.
"ಇಲ್ದಿದ್ರೆ ಗೇಟಾಚೆ ಹೋಗಿ ಸುಲ್ಕೊಳವ್ವ."
ನಳಿಗೆ ಯಾವಾಗಲೂ ದಿಣ್ಣೆಯ ಕಡೆಗೆ.
ಬೆರಳು ಕಡೇ ಗಳಿಗೆಯವರೆಗೆ ಕುದುರೆಯ ಹೊರಗೆ.

ಹೊಸಬರಿಗೆ ಕಬ್ಬಿಣ ಕೊಡುವುದಿಲ್ಲ.
ಮೊದಲು ಹಪ್ಪಳ.
ತಾಯಮ್ಮ ವಟವಟ ಅನ್ನುತ್ತಲೇ
ಹುಳ ಬಿದ್ದದ್ದನ್ನು ಆರಿಸಿ ಕೊಡುತ್ತಾರೆ.
ತಂತಿಗೆ ಕ್ಲಿಪ್ಪು ಹಾಕಿ ತೂಗುಬಿಟ್ಟರೆ
ಬಿಸಿಲಿಗೆ ಗರಿಗರಿ, ಏಟಿಗೆ ಪುಡಿಪುಡಿ.
ಆಮೇಲೆ ಸೀಮೆಸುಣ್ಣದ ತುಂಡು, ಮೆತ್ತಗಾದ ಬಿಸ್ಕತ್ತು,
ಸುಡದ ಹಣತೆ, ಬೇಸಿಗೆಯಲ್ಲಿ ಐಸಿನ ಉಂಡೆ.
ಒಂದು ಸಲ ಅಚ್ಚುಬೆಲ್ಲ ಇಟ್ಟಿದ್ದೆವು;
ಸಿಡಿಯಲಿಲ್ಲ, ಕಾಳು ನುಂಗಿ ಸುಮ್ಮನೆ ಕೂತಿತು.
"ಮಂಡ್ಯದ್ ಬೆಲ್ಲ ಕಣವ್ವ, ಜಗ್ಗಕಿಲ್ಲ"
ಅಂತ ಇಡೀ ದಿನ ಸಿಕ್ಕವರಿಗೆಲ್ಲ ಹೇಳಿದರು.
ಗಾಜಿನ ಬಾಟ್ಲಿ ಎತ್ತಿದರೆ ಮಾತ್ರ ಬೈಗುಳ.
ಕೆಳಗೆಲ್ಲ ಟಾರ್ಪಾಲು, ಚೂರು ಬಳಿದು ಹಾಕಲು.
ಕೋಳಿ ಬಂದರೆ ಆಟ ನಿಲ್ಲುತ್ತದೆ:
ಸೀಸ ತಿಂದ ಕೋಳಿ, ಕೋಳಿ ತಿಂದ ನಾವು.

ಒಂದು ದಿನ ಕೇಳಿದೆ.
ಬಿಲ್ಲೆಗಳೇಕೆ ನೆಟ್ಟಗಿಲ್ಲ,
ಮಗ್ಗಿ ಮರೆತ ಹುಡುಗರ ಹಾಗೆ
ಎಲ್ಲವೂ ನೆಲ ನೋಡುತ್ತಿವೆ?

ಅವರು ಕನ್ನಡಕ ತೆಗೆದು
ಉಗುರಲ್ಲಿ ಎಡಗಣ್ಣು ತಟ್ಟಿದರು.
ಟಕ್ ಟಕ್.
ನಾಲ್ಕು ವರ್ಷದ ಪರಿಚಯ.
ಅದು ಗಾಜು ಅಂತ ಅವತ್ತೇ ಗೊತ್ತಾಗಿದ್ದು.

ಮೈಸೂರು, ದಸರಾ ವಸ್ತುಪ್ರದರ್ಶನ,
ಬಲೂನಿನ ಅಂಗಡಿ, ಇಪ್ಪತ್ತೆರಡರ ವಯಸ್ಸು.
ಬಲೂನು ಬರೀ ಪಟ್ ಅನ್ನುತ್ತೆ, ಜನಕ್ಕೆ ಸಾಲದು ಅಂತ
ಹಲಗೆಯ ನಡುವೆ ಕಬ್ಬಿಣದ ತಟ್ಟೆ ಜಡಿದರು,
ನೆಟ್ಟಗೆ, ಗೋಡೆಗೆ ದೇವರ ಪಟ ಜಡಿದ ಹಾಗೆ.
ಮೂರು ರಾತ್ರಿ ಟಣ್ ಟಣ್. ಒಳ್ಳೇ ವ್ಯಾಪಾರ.
ನಾಲ್ಕನೆಯ ರಾತ್ರಿ ಯಾರೋ ಹೊಸ ಮದುವೆಯ ಗಂಡು
ಸರಿಯಾಗಿ ನಡುವಿಗೇ ಹೊಡೆದ.
ಹೆಂಡತಿ ಚಪ್ಪಾಳೆ ತಟ್ಟಿದಳಂತೆ.
ಕಾಳು ಹೋದ ದಾರಿಯಲ್ಲೇ ವಾಪಸು ಬಂತು.

"ಅವ್ನದೇನ್ ತಪ್ಪು? ಗುರಿ ಸರ್ಯಾಗೇ ಇತ್ತು.
ಎದೆ ಸೆಟ್ಕೊಂಡ್ ನಿಂತಿದ್ದು ನನ್ ತಟ್ಟೆ.
ವಸಿ ಬಗ್ಸಿದ್ರೆ ಆಯ್ತಿತ್ತು, ಇಷ್ಟೇ ಇಷ್ಟು,
ಕಾಳು ನೆಲಕ್ ಬೀಳದು.
ಇಷ್ಟು ತಿಳ್ಕೊಳಕ್ಕೆ ಒಂದ್ ಕಣ್ಣು."

ಆ ಗಂಡು ಈಗ ಎಲ್ಲಿದ್ದಾನೋ.
ಅವನಿಗೆ ಗೊತ್ತೇ ಆಗಲಿಲ್ಲವಂತೆ;
ಬಹುಮಾನದ ಬಾಚಣಿಗೆ ಇಸಿದುಕೊಂಡು
ಗುಂಪಿನಲ್ಲಿ ಹೋಗಿಬಿಟ್ಟನಂತೆ.

ನಾನು ಕಾಳು ತುಂಬಿದೆ.
ಮರಿಮಾದಯ್ಯ ಕನ್ನಡಕ ಹಾಕಿ, ಇರುವ ಕಣ್ಣನ್ನೂ ಮುಚ್ಚಿ
ದಿಣ್ಣೆಯ ಕಡೆಗೆ ಕಿವಿ ಕೊಟ್ಟು ಕೂತರು.
ಟಣ್.
"ಮೂರ್ನೇದು. ಎಡ್ಗಡೆ ಅಂಚು. ಉಸ್ರು ಬಿಟ್‌ಬುಟ್ಟೆ."
ನಿಜ, ಬಿಟ್ಟಿದ್ದೆ.

ಎರಡನೆಯದಕ್ಕೆ ಉಸಿರು ಹಿಡಿದೆ.
ಕಾಗೆ, ಅದರ ಕೊರಳು, ಮುಂದಿನ ಮೊಳೆ,
ಎಲ್ಲ ಒಂದು ಗೆರೆಗೆ ಬಂದವು.

ಅಷ್ಟರಲ್ಲಿ ತಾಯಮ್ಮನ ನಾಟಿ ಕೋಳಿ
ಆರು ಮರಿ ಕಟ್ಟಿಕೊಂಡು ಬಂತು.
ಬೆರಳು ಹೊರಗೆ. ನಳಿಗೆ ದಿಣ್ಣೆಗೆ.
ಎಲ್ಲರೂ ಕಾಯುತ್ತಿದ್ದೇವೆ.
ಅದಕ್ಕೇನೂ ಅವಸರವಿಲ್ಲ.