ಹನ್ನೊಂದು ದಿವ್ಸದ ಲೆಕ್ಕ

ಬಾಗಲಕೋಟಿ ನವನಗರದಾಗ ಮುರನಾಳ ವಕೀಲರು
ಚಷ್ಮಾ ಏರಿಸಿ ಅಂದ್ರು:
ಬೆಂಗಳೂರಿನ ಆಯೋಗಕ್ಕ ಮೇಲ್ಮನವಿ ಹಾಕಾಕ
ನಲವತ್ತೈದು ದಿವ್ಸ. ನೀವು ಬಂದದ್ದು ಐವತ್ತಾರಕ್ಕ.
ಹೆಚ್ಚಾದ ಒಂದೊಂದು ದಿನಕ್ಕೂ ಕಾರಣ ಬೇಕು, ದಾಕ್ಷಾಯಣಿಯವರ.

ಗುಳೇದಗುಡ್ಡದ ಬಸ್ ತಪ್ಪಿದ್ದು ಒಂದು, ಬರ್ಕೊಳ್ರಿ.
ಆದೇಶದ ಲಕೋಟಿ ಹಿಟ್ಟಿನ ಡಬ್ಬಿ ಹಿಂದ ಬಿದ್ದು
ಎರಡು ದಿನ ಸಿಗಲಿಲ್ಲ.
ಸಿಕ್ಕಮ್ಯಾಲೆ ಮಗಳು ಇನ್ನೊಮ್ಮೆ ಓದಿದ್ಲು:
ಫಿರ್ಯಾದಿದಾರಳು ಗ್ರಾಹಕಳೇ ಅಲ್ಲ,
ರೊಟ್ಟಿ ಯಂತ್ರ ಕೊಂಡದ್ದು ವಾಣಿಜ್ಯ ಉದ್ದೇಶಕ್ಕೆ.

ಏನ್ ವಾಣಿಜ್ಯರಿ?
ತಾಸಿಗೆ ಆರ್ನೂರು ಅಂದಿದ್ದ ಯಂತ್ರ
ಮೂರು ವಾರಕ್ಕ ಬಾಯಿ ಮುಚ್ಚಿತು.
ಈಗ ಅದರ ಮ್ಯಾಲೆ ಬೆಕ್ಕು ಮಲಗ್ತೈತಿ.
ನಾನು, ನಾದಿನಿ, ಎರಡು ಕೊಣಮಿಗಿ,
ಅಂಗೈ ಉರಿದ್ರೂ ಬಡಿಯೋ ಸಪ್ಪಳ ನಿಲ್ಲಂಗಿಲ್ಲ.
ಇದು ವ್ಯಾಪಾರ ಆದ್ರ
ಹಸಿವಿಗೂ ಲೈಸನ್ಸ್ ತಗೋಬೇಕಲ್ರಿ.

ಮೂರು ದಿನ ಸಿಟ್ಟಿಗೆ ಹೋದವು.
"ಹಂಗ ಬರಿಯಾಕ ಬರೂದಿಲ್ಲ. ಜ್ವರ ಅಂತ ಹಾಕ್ಲೇನು?"
ಜ್ವರ ಬಂದಿಲ್ರಿ. ಸಿಟ್ಟs ಬಂದಿತ್ತು.
ರೊಕ್ಕ ಕೂಡಿಸಾಕ ನಾಕು.
ಕಾಗದದ ಖರ್ಚು, ಹೋಗಿ ಬರೂ ಖರ್ಚು, ನಿಮ್ಮ ಫೀಜಿಂದ ಅರ್ಧ.

ಎಷ್ಟಾತು?

"ಹತ್ತು. ಇನ್ನೊಂದು?"

ಅದು ನಿಮ್ಮದ್ರಿ, ಸಾಹೇಬ್ರ.
ನಾ ಬಂದಿದ್ದೆ, ಕೀಲಿ ಹಾಕಿತ್ತು.
ತಮ್ಮನ ಮಗಳ ಮದಿವಿಗೆ ಕೆರೂರಿಗೆ ಹೋಗಿದ್ರಂತ.
ಅಲ್ಲಿ ಉಂಡ್ರಲ್ಲ,
ಎಳ್ಳು ಹಚ್ಚಿದ ಕಟಕ ರೊಟ್ಟಿ,
ಅವು ನಾವs ಬಡದವು.

ಬರೀರಿ.